ಸುಮತಿ ಆಂಟಿ ಮತ್ತು ತಮ್ಮನ ಚಳಿಗಾಲ

ಸೆಂಗ್‌ಕಾಂಗ್‌ನ ನಮ್ಮ ವಸತಿ ಬ್ಲಾಕಿನ ಕೆಳಗಿನ ತೆರೆದ ಹಜಾರವಾದ ವಾಯ್ಡ್ ಡೆಕ್‌ನಲ್ಲಿ, ಗಾಳಿ ಕೂಡ ಬೆವರುತ್ತದೇನೋ ಅನಿಸುವಂಥ ಏಪ್ರಿಲ್ ಮಧ್ಯಾಹ್ನ, ಸುಮತಿ ಆಂಟಿ ನೆಲದ ಮೇಲೆ ಬೆಳ್ಳಿ ಬಣ್ಣದ ದಪ್ಪ ಹಾಳೆ ಹರವಿಕೊಂಡು ಮಂಡಿಯೂರಿ ಕತ್ತರಿಸುತ್ತಿದ್ದರು. ಪಕ್ಕದ ಕಲ್ಲುಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಚೀನೀ ಅಂಕಲ್ ಒಬ್ಬರು ಕುತೂಹಲ ತಡೆಯಲಾರದೆ ಕೇಳಿದರು: “ಫಾರ್ ದಿ ಸನ್ ಆ, ಆಂಟಿ?”

“ನೋ ಲಾ ಅಂಕಲ್. ಫಾರ್ ವಿಂಟರ್.”

ಅಂಕಲ್ ಹೊರಗಿನ ಬಿಸಿಲನ್ನೊಮ್ಮೆ, ಆಂಟಿಯನ್ನೊಮ್ಮೆ ನೋಡಿ ಮತ್ತೆ ಪೇಪರಿಗೆ ಮುಖ ಹಾಕಿದರು.

ಆಂಟಿ ಉಡುಪಿಯ ಕಡೆಯವರು. ಆಂಗ್ ಮೋ ಕಿಯೋದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬರೇ ಇದ್ದರು. ಕುಳ್ಳಗಿನ ಜೀವ, ಜೋರು ದನಿ. ಮೈಸೂರಿನವಳಾದ ನನ್ನೊಂದಿಗೆ ನಮ್ಮ ಕಡೆಯವರ ಹಾಗೆಯೇ ಮಾತು ಶುರು ಮಾಡುತ್ತಿದ್ದರು. ಸ್ವಲ್ಪ ಆತಂಕವಾದರೆ ಸಾಕು, ಊರಿನ ‘ಎಂತ ಮಾರಾಯ್ತಿ’ ಹೊರಗೆ ಬಂದುಬಿಡುತ್ತಿತ್ತು. ಆ ವರ್ಷ ನಾನು ಕೇಳಿದ್ದು ಬಹುಪಾಲು ಊರಿನ ಮಾತೇ.

ಆತಂಕಕ್ಕೆ ಕಾರಣ ತಮ್ಮ ದಿವಾಕರ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಆಂಟಿಯೇ. ಅಡುಗೆ ಕೆಲಸಕ್ಕೆಂದು ನ್ಯೂಜಿಲೆಂಡ್‌ಗೆ ಹೋದವನು ಅಲ್ಲಿ ಮದುವೆಯಾದ, ಆ ಮದುವೆ ಮುರಿಯಿತು, ಮನೆಯೂ ಹೋಯಿತು. ಉಳಿದದ್ದು ಒಳಗೇ ಹಾಸಿಗೆ, ಒಲೆ, ನಲ್ಲಿ ಎಲ್ಲ ಇರುವ ಒಂದು ಹಳೆಯ ಮೋಟರ್‌ಹೋಮ್. ಅದನ್ನು ದಕ್ಷಿಣದ ಕಡೆಯ ಒಂದು ಸೇಬಿನ ತೋಟದ ಮೂಲೆಯಲ್ಲಿ ನಿಲ್ಲಿಸಿಕೊಂಡು, ತೋಟದಲ್ಲೇ ಕೆಲಸ ಮಾಡುತ್ತ ಇದ್ದುಬಿಟ್ಟಿದ್ದ. ಹಿಂದಿನ ಚಳಿಗಾಲದಲ್ಲಿ ಗಾಡಿಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆದಿತ್ತು. ಉಸಿರಿನ ತೇವಕ್ಕೇ ಗೋಡೆಗಳು ಒದ್ದೆಯಾಗಿ, ಹಾಸಿಗೆಯ ಅಡಿಗೆ ಬೂಷ್ಟು ಹಿಡಿದಿತ್ತು. ಅಂದಿನಿಂದ ಅವನ ಕೆಮ್ಮು ನಿಂತಿರಲಿಲ್ಲ.

“ಇಲ್ಲಿಗೆ ಬಾ ಅಂದ್ರೆ ಬರುದಿಲ್ಲ. ಊರಿಗೆ ಹೋಗು ಅಂದ್ರೆ ಹೋಗುದಿಲ್ಲ. ಎಲ್ಲರೂ ಕೇಳ್ತಾರಲ್ಲ ಎಂತ ಆಯ್ತು ಅಂತ, ಅದು ಬೇಡ ಅವನಿಗೆ,” ಎಂದರು ಆಂಟಿ. “ಸರಿ, ಅವ ಬರದಿದ್ರೆ ಬೇಡ. ಅವನ ಗಾಡಿಯನ್ನೇ ಮನೆ ಮಾಡ್ತೇನೆ.”

ಜೂನ್ ಬರುವುದರೊಳಗೆ, ಅಂದರೆ ಅಲ್ಲಿ ಚಳಿ ಬೀಳುವುದರೊಳಗೆ, ಕೆಲಸ ಮುಗಿಯಬೇಕಿತ್ತು. ದಿವಾಕರ ಗೊಣಗುತ್ತಲೇ ಕಿಟಕಿಗಳ ಅಳತೆ ಕಳಿಸಿದ. ಆಂಟಿ ಒಂದೊಂದು ಕಿಟಕಿಗೂ ಬೆಳ್ಳಿ ಹಾಳೆಯ ಹಿಂದೆ ರಜಾಯಿ ಬಟ್ಟೆ ಕೊಟ್ಟು ಹೊದಿಕೆ ಹೊಲಿದರು. ಪೈಪುಗಳಿಗೆ ಸುತ್ತಲು ಫೋಮು, ಗಾಡಿಯ ಅಡಿಗೆ ಗಾಳಿ ನುಗ್ಗದಂತೆ ಸುತ್ತಲೂ ಕಟ್ಟುವ ಟಾರ್ಪಾಲಿನ ಲಂಗ, ಹಾಸಿಗೆಯ ಕೆಳಗೆ ಗಾಳಿಯಾಡಲು ಮರದ ಪಟ್ಟಿಗಳು. ನಾನು ಆಫೀಸಿನಿಂದ ಬಂದವಳು ಅವರ ಮನೆಯಲ್ಲಿ ಚಹಾ ಕುಡಿಯುತ್ತ ದಾರ ಪೋಣಿಸಿಕೊಡುತ್ತಿದ್ದೆ.

ದಿವಾಕರನಿಗೆಂದು ತರಿಸಿದ ಸ್ಲೀಪಿಂಗ್ ಬ್ಯಾಗ್ ಬಂದ ದಿನ ಅವರಿಗೆ ಅದರ ಮೇಲೆ ನಂಬಿಕೆಯೇ ಬರಲಿಲ್ಲ. ಊರಿನವರೊಬ್ಬರು ವುಡ್‌ಲ್ಯಾಂಡ್ಸ್‌ನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಿದ್ದರು. ಆಂಟಿ ಅವರಿಗೆ ದುಂಬಾಲು ಬಿದ್ದು ಒಪ್ಪಿಸಿ, ನನ್ನನ್ನೂ ಎಳೆದುಕೊಂಡು ಹೋದರು. ಅಂಜಲ್, ಬಂಗುಡೆಯ ಪೆಟ್ಟಿಗೆಗಳ ನಡುವೆ ರಟ್ಟು ಹಾಸಿ, ಬ್ಯಾಗಿನೊಳಗೆ ಹೊಕ್ಕು, ಜಿಪ್ ಎಳೆದುಕೊಂಡು ಮಲಗಿದರು. ಆ ಊರಿನವರು ನಗು ತಡೆಯಲಾರದೆ ಬಾಗಿಲ ಕಡೆ ತಿರುಗಿ ನಿಂತರು. ನನಗೂ ನಗು.

“ಹೇಗಿದೆ ಆಂಟಿ?”

“ಮೈಯೆಲ್ಲ ಬೆಚ್ಚಗೆ ಉಂಟು. ಮೂಗು ಒಂದು ಹೊರಗೆ. ಮೂಗಿಗೆ ಎಂತ ಮಾಡುದು?”

ನಾನು ನಗುತ್ತಲೇ ಬಗ್ಗಿ ನೋಡಿದರೆ ಕಣ್ಣಂಚಿನಲ್ಲಿ ನೀರು. “ಶ್ವೇತಾ, ಕಳೆದ ವರ್ಷ ಅವ ಇಂಥ ಚಳಿಯಲ್ಲಿ ಒಬ್ಬನೇ ಮಲಗಿದ್ದನಲ್ಲ, ಮಾರಾಯ್ತಿ. ನಾನು ಇಲ್ಲಿ ಫ್ಯಾನ್ ಹಾಕಿ ಮಲಗಿದ್ದೆ.” ಆಮೇಲೆ ಯಾರೂ ನಗಲಿಲ್ಲ.

ಮೇ ತಿಂಗಳಲ್ಲಿ ಆಂಟಿ ಎಲ್ಲ ಕಟ್ಟಿಕೊಂಡು ತಮ್ಮನ ಬಳಿಗೆ ಹೋಗಿ, ಗಾಡಿಯ ಒಂದೊಂದು ಸಂದಿಯನ್ನೂ ತಾವೇ ಮುಚ್ಚಿ ಬಂದರು. ಚಾವಣಿಯ ಗಾಳಿಕಿಂಡಿಯೊಂದನ್ನು ಮಾತ್ರ ಬಿಟ್ಟಿದ್ದರು. ಗ್ಯಾಸ್ ಹೀಟರ್ ಉರಿಯುವಾಗ ಅದು ತೆರೆದಿರಲೇಬೇಕಿತ್ತು. ಇಲ್ಲವಾದರೆ ಒಳಗೆ ವಿಷಗಾಳಿ ತುಂಬಿಕೊಳ್ಳುತ್ತದೆ. ಪ್ರತಿ ಫೋನಿನಲ್ಲೂ ಅದೇ ಮಾತು: “ಕಿಂಡಿ ಮುಚ್ಚಬೇಡ ಆಯ್ತಾ? ಚಳಿ ಆದ್ರೂ ಮುಚ್ಚಬೇಡ.” ಒಮ್ಮೆ ವಿಡಿಯೋದಲ್ಲಿ ನಾನೂ ದಿವಾಕರನನ್ನು ನೋಡಿದೆ. ನರೆತ ಗಡ್ಡ, ಆಂಟಿಯದೇ ಕಣ್ಣು. “ನೋಡಿ, ಅಕ್ಕ ನನ್ನನ್ನು ಪಾರ್ಸಲ್ ಕಟ್ಟಿ ಹೋಗಿದ್ದಾಳೆ,” ಎಂದು ನಕ್ಕ. ಕೆಮ್ಮಲಿಲ್ಲ. ಆಂಟಿ ನನ್ನ ಕಡೆ ತಿರುಗಿ, ಕೇಳಿಸಿತಾ ಎನ್ನುವಂತೆ ಹುಬ್ಬು ಹಾರಿಸಿದರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಆಂಟಿಗೆ ತೋಟದ ಮಾಲೀಕನ ಫೋನ್ ಬಂತು. ದಿವಾಕರ ಕೆಲಸಕ್ಕೆ ಬರಲಿಲ್ಲವೆಂದು ಹೋಗಿ ನೋಡಿದರೆ ಹಾಸಿಗೆಯಲ್ಲೇ ತೀರಿಕೊಂಡಿದ್ದನಂತೆ.

ನಾನು ಮೇಲೆ ಓಡಿದಾಗ ಆಂಟಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅಳುತ್ತಿರಲಿಲ್ಲ. “ಎಲ್ಲ ಸಂದಿ ನಾನೇ ಮುಚ್ಚಿದ್ದು,” ಎಂದರು. “ಗಾಳಿ ಇಲ್ಲದೆ ಹೋದನಾ ಅವ? ನಾನೇ ಮುಚ್ಚಿ ಕೊಂದದ್ದಾ?”

“ಆಂಟಿ, ಕಿಂಡಿ ಬಿಟ್ಟಿದ್ರಲ್ಲ ನೀವು?”

“ನಾನು ಬಿಟ್ಟಿದ್ದೆ. ಚಳಿ ಅಂತ ಅವ ಮುಚ್ಚಿದ್ರೆ?”

ಅಲ್ಲಿಯ ಪೊಲೀಸರು ಕಾರಣ ತಿಳಿಸುವವರೆಗೆ ಆಂಟಿ ಸರಿಯಾಗಿ ಊಟ ಮಾಡಲಿಲ್ಲ. ನಾನು ಕೊಟ್ಟ ಗಂಜಿ ಹಾಗೇ ಆರುತ್ತಿತ್ತು. ಕೊನೆಗೂ ಫೋನ್ ಬಂದಾಗ ಸ್ಪೀಕರಿಗೆ ಹಾಕಿದರು. ಹೃದಯಾಘಾತ, ನಿದ್ದೆಯಲ್ಲೇ ಆಗಿರಬೇಕು, ಎಂದಳು ಆ ಅಧಿಕಾರಿ. ಹೀಟರ್ ಸರಿಯಿತ್ತು, ಕಿಂಡಿ ತೆರೆದಿತ್ತು. ಒಳಗೆ ಬೆಚ್ಚಗಿತ್ತಂತೆ.

ಆಂಟಿ ಫೋನ್ ಇಟ್ಟು, “ಹೇಳಿದ್ದು ಕೇಳಿದ್ದಾನೆ ಪಾಪ,” ಎಂದರು. ಆಗ ಅತ್ತರು.

ಅವನ ಅಂತ್ಯಕ್ರಿಯೆ, ಉಳಿದ ಕೆಲಸಗಳನ್ನು ಮುಗಿಸಲು ಆಂಟಿ ಅಲ್ಲಿಗೆ ಹೋದರು. ಗಾಡಿ ಮಾರುತ್ತಾರೆಂದುಕೊಂಡಿದ್ದೆ. ಅದನ್ನು ತೋಟದಲ್ಲೇ ಬಿಟ್ಟು, ಅಲ್ಲಿ ಟೆಂಟಿನಲ್ಲಿ ಮಲಗುತ್ತಿದ್ದ ಒಬ್ಬ ಕೂಲಿಯವನಿಗೆ ಕೀಲಿ ಕೊಟ್ಟು ಬಂದರು. ವಾಪಸಾದ ಮೇಲೆ ಅವರಿಗೆ ಇಲ್ಲಿ ಮನಸ್ಸು ನಿಲ್ಲಲಿಲ್ಲ. ಮನೆ ಬಿಟ್ಟುಕೊಟ್ಟು ಉಡುಪಿಗೆ ಹೊರಟುಹೋದರು. ಹೊರಡುವ ದಿನ ನಾನು ಇಲ್ಲಿರಲಿಲ್ಲ. ಈಗ ಆ ಮನೆಯಲ್ಲಿ ಬೇರೆ ಸಂಸಾರವಿದೆ. ಆಂಟಿಯ ಫೋನು ಹಬ್ಬಕ್ಕೊಮ್ಮೆ ಬರುತ್ತದೆ. ಮೊದಲಿನ ಜೋರು ದನಿಯಿಲ್ಲ.

ಆದರೆ ಅವರನ್ನು ನೆನೆದರೆ ನನಗೆ ಕಾಣುವುದು ನ್ಯೂಜಿಲೆಂಡಿನಿಂದ ಮರಳಿ ಬಂದ ಆ ಮಧ್ಯಾಹ್ನ. ಕರೆತರಲು ಚಾಂಗಿ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಬಾಗಿಲಾಚೆಯಿಂದ ಮೊಣಕಾಲಿನವರೆಗೆ ಬರುವ ಗಂಡಸರ ದಪ್ಪ ಜಾಕೆಟ್ಟೊಂದನ್ನು ಹಾಕಿಕೊಂಡು ಬಂದರು. ತೋಳು ಉದ್ದವಾಗಿ ಬೆರಳುಗಳೂ ಕಾಣುತ್ತಿರಲಿಲ್ಲ. ಟ್ಯಾಕ್ಸಿ ಸಾಲಿನಲ್ಲಿ ನಿಂತಾಗ ಹಣೆಯಿಂದ ಬೆವರು ಇಳಿಯತೊಡಗಿತು.

“ಸೆಕೆ ಆಗ್ತಿದೆ, ಅದನ್ನ ತೆಗೀರಿ ಆಂಟಿ. ಕೊಡಿ, ನಾನು ಹಿಡ್ಕೋತೀನಿ.”

“ಇರಲಿ,” ಎಂದರು. “ಅವನ ವಾಸನೆ ಉಂಟು.”

ಟ್ಯಾಕ್ಸಿ ಹತ್ತಿದ ಮೇಲೆ ನಾನು ಮುಂದೆ ಬಾಗಿ, ಎಸಿ ಇನ್ನಷ್ಟು ತಣ್ಣಗೆ ಮಾಡಲು ಡ್ರೈವರಿಗೆ ಹೇಳಿದೆ.