ಬಿಳಿ ಬೆಡ್‌ಶೀಟ್ ಕಂಡರೆ ಇಳಿಯಿರಿ

ನನ್ನ ಮದುವೆಗೆ ತವರಿನವರು ಕೊಟ್ಟ ಬೆಡ್‌ಶೀಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಅಪ್ಪಟ ಬಿಳಿಯದನ್ನು, ನಾವು ಒಂದು ದಿನವೂ ಮಂಚದ ಮೇಲೆ ಹಾಸಿಕೊಳ್ಳಲಿಲ್ಲ. ಅದನ್ನು ನನ್ನ ಯಜಮಾನರು ಗುಂಡ್ಲುಪೇಟೆಯ ಹೊರಗೆ, ಊಟಿ ರಸ್ತೆಯ ಕಡೆಯ ಒಂದು ಹುಲ್ಲು ಬಯಲಿನಲ್ಲಿ ಹಾಸುತ್ತಿದ್ದರು, ಮೇಲಿನಿಂದ ಬರುವವರಿಗೆ ಕಾಣಲಿ ಎಂದು.

ಆ ಬಯಲೇ ನಮ್ಮ ಏರ್‌ಸ್ಟ್ರಿಪ್. ಹತ್ತಿ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಒಂದು ಕಂಪನಿ ಅದನ್ನು ಮಾಡಿಸಿತ್ತು. ನನ್ನವರು ಅದರ ಕೇರ್‌ಟೇಕರ್. ಏರ್‌ಸ್ಟ್ರಿಪ್ ಎಂದರೆ ಏನೋ ಅಂದುಕೊಳ್ಳಬೇಡಿ. ಟಾರಿಲ್ಲ, ಟವರಿಲ್ಲ, ರೇಡಿಯೋ ಅಂತೂ ಇಲ್ಲವೇ ಇಲ್ಲ. ಒಂದು ತಗಡಿನ ಶೆಡ್ಡು, ಎತ್ತು ಎಳೆಯುವ ಕಲ್ಲಿನ ರೋಲರು, ಮೂಲೆಯಲ್ಲಿ ನಮ್ಮ ಹೆಂಚಿನ ಮನೆ. ವಿಮಾನ ಬರುವ ಬೆಳಿಗ್ಗೆ ಇವರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು, ಬಯಲಿನ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆಯುತ್ತಿದ್ದರು. ಹುಲ್ಲಿನ ಕೆಳಗಿನ ಇಲಿಬಿಲ, ಹಂದಿ ಕೆದಕಿದ ಗುಂಡಿ ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಲಿಗೆ ಸಿಗುತ್ತಿತ್ತು. ಎಲ್ಲ ಸರಿ ಎನ್ನಿಸಿದರೆ ಮಾತ್ರ ಪೂರ್ವದ ತುದಿಯಲ್ಲಿ ಬೆಡ್‌ಶೀಟ್ ಹಾಸಿ ನಾಲ್ಕು ಮೂಲೆಗೂ ಕಲ್ಲು ಇಡುವರು. ಮೂರು ಕಲ್ಲು ಅಲ್ಲೇ ಬಿದ್ದಿರುತ್ತಿದ್ದವು. ನಾಲ್ಕನೆಯದು ನನ್ನ ಅಡುಗೆಮನೆಯ ರುಬ್ಬುಗುಂಡು.

“ರೀ, ಅದು ನಮ್ಮಮ್ಮ ಕೊಟ್ಟ ಶೀಟು. ಮಣ್ಣಾಗುತ್ತೆ.”

“ನಿಮ್ಮಮ್ಮನ ಆಶೀರ್ವಾದ ನೋಡ್ಕೊಂಡೇ ಇಳೀಲಿ ಬಿಡು, ಕಾನ್ವೆಂಟು. ಇನ್ನೂ ಸೇಫು.”

ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಓದಿ ಬಂದವಳೆಂದು ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

ಪೈಲಟ್‌ಗಳು ಫೋನನ್ನಾಗಲಿ ಟೆಲಿಗ್ರಾಮನ್ನಾಗಲಿ ನಂಬುತ್ತಿರಲಿಲ್ಲ. ನಿನ್ನೆ ಕಳಿಸಿದ ಸುದ್ದಿ ನಿನ್ನೆಯದು, ಬೆಡ್‌ಶೀಟ್ ಇವತ್ತಿನದು. ಅದು ಕಂಡರೆ ಇಳಿಯುವರು, ಕಾಣದಿದ್ದರೆ ಒಂದು ಸುತ್ತು ಹಾಕಿ ಮೈಸೂರಿನ ಕಡೆ ವಾಪಸ್ಸು. ಇಳಿದವರಿಗೆ ನಮ್ಮ ಜಗಲಿಯಲ್ಲಿ ಫಿಲ್ಟರ್ ಕಾಫಿ. ವಾರಗಟ್ಟಲೆ ಇಂಗ್ಲಿಷಿನಲ್ಲಿ ಒಂದು ಸೆಂಟೆನ್ಸ್ ಆಡಲು ಜನ ಸಿಗದ ನನಗೆ ಆ ಅರ್ಧ ಗಂಟೆ ಹಬ್ಬ. ಒಬ್ಬ ಪೈಲಟ್ ಹಳೆಯ ಇಂಗ್ಲಿಷ್ ಪೇಪರು ತರುತ್ತಿದ್ದ. ಅವನು ಲೋಟ ಖಾಲಿ ಮಾಡುವುದರೊಳಗೆ ನಾನು ಕ್ರಾಸ್‌ವರ್ಡ್ ತುಂಬಿ ಮುಗಿಸುತ್ತಿದ್ದೆ. “ನಾಟ್ ಫೇರ್, ಮ್ಯಾಡಮ್,” ಎಂದು ಮುಖ ಸಣ್ಣಗೆ ಮಾಡುತ್ತಿದ್ದ. ದೋಸೆ ಕೇಳಿದರೆ ಇವರು ರನ್‌ವೇ ಕಡೆ ಕೈ ತೋರಿಸುವರು: “ರುಬ್ಬುಗುಂಡು ಡ್ಯೂಟಿ ಮೇಲಿದೆಯಪ್ಪ.”

ಆಮೇಲೆ ಕಂಪನಿ ಮುಚ್ಚಿತು. ನಾವು ಚಾಮರಾಜನಗರಕ್ಕೆ ಬಂದೆವು. ಇವರಿಗೆ ಒಂದು ಆಫೀಸಿನಲ್ಲಿ ಕುರ್ಚಿಯ ಕೆಲಸ, ನನಗೆ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ಬೆಡ್‌ಶೀಟ್ ಹರಿದು ಹರಿದು ಕೊನೆಗೆ ಹಪ್ಪಳ ಒಣಗಿಸುವ ಬಟ್ಟೆಯಾಯಿತು. ಹೊಸ ಶತಮಾನ ಶುರುವಾದ ಹೊತ್ತಿಗೆ ಇವರೂ ಹೋದರು. ಗುಂಡ್ಲುಪೇಟೆಗೆ ಹೋಗುವ ಬಸ್ಸು ದಿನವೂ ನಮ್ಮ ಬೀದಿಯ ತುದಿಯಲ್ಲೇ ಹಾದುಹೋಗುತ್ತಿತ್ತು. ನಾನು ಹತ್ತಲಿಲ್ಲ. ನೋಡದೆ ಇರುವವರೆಗೆ ಆ ಬಯಲು ನಾನು ಬಿಟ್ಟುಬಂದ ಹಾಗೆಯೇ ಇರುತ್ತದೆ ಎಂಬ ಒಂದು ಸಿಲ್ಲಿ ನಂಬಿಕೆ.

ಟ್ಯೂಷನ್ ಮಕ್ಕಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ನಾನು ಹೋಗುತ್ತಿದ್ದ ಸೈಬರ್ ಸೆಂಟರನ್ನು ನಡೆಸುತ್ತಿದ್ದವಳು ಒಬ್ಬ ಮುಸ್ಲಿಂ ಹೆಂಗಸು. ಗಂಡನದು ಪಕ್ಕದಲ್ಲೇ ಫರ್ನಿಚರ್ ಅಂಗಡಿ. ಒಂದು ಮಧ್ಯಾಹ್ನ ಪ್ರಿಂಟರ್ ಕೈಕೊಟ್ಟಿತ್ತು. “ಅದು ಸರಿ ಹೋಗೋವರ್ಗೂ ಏನಾದ್ರೂ ಸರ್ಚ್ ಹೊಡೀರಿ ಟೀಚರಮ್ಮ, ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತೀರ,” ಎಂದಳು. ನಾನು ಗುಂಡ್ಲುಪೇಟೆ ಎಂದೂ ಏರ್‌ಸ್ಟ್ರಿಪ್ ಎಂದೂ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ.

ಬಂದೇಬಿಟ್ಟಿತು! ಪೈಲಟ್‌ಗಳೇ ಸೇರಿ ನಡೆಸುವ ಒಂದು ವೆಬ್‌ಸೈಟು. ಸಣ್ಣಪುಟ್ಟ ವಿಮಾನ ನೆಲೆಗಳ ಮಾಹಿತಿ, ಕೆಳಗೆ ಇಳಿದುಬಂದವರ ಅಭಿಪ್ರಾಯ, ಹೋಟೆಲಿಗೆ ಬರೆಯುವ ಹಾಗೆ. ನಮ್ಮದರ ಮುಂದೆ, ಯಾವುದೋ ಹಳೆಯ ಪಟ್ಟಿಯಿಂದ ಎತ್ತಿ ಹಾಕಿದ್ದಿರಬೇಕು, ಹೀಗಿತ್ತು: ಹುಲ್ಲಿನ ರನ್‌ವೇ, ತೆರೆದಿದೆ, ಕೇರ್‌ಟೇಕರ್ ಅಲ್ಲೇ ವಾಸ. ಕೆಳಗೆ ಒಬ್ಬನೇ ಒಬ್ಬನ ರಿವ್ಯೂ. ‘ನಾನು ಕಂಡ ನೆಲೆಗಳಲ್ಲೆಲ್ಲ ನಂಬಿಕಸ್ಥ ನೆಲೆ. ಪೂರ್ವದ ತುದಿಯಲ್ಲಿ ಬಿಳಿ ಬೆಡ್‌ಶೀಟ್ ಕಂಡರೆ ಕಣ್ಣು ಮುಚ್ಚಿ ಇಳಿಯಿರಿ. ಕಾಫಿ ಅದ್ಭುತ. ಕ್ರಾಸ್‌ವರ್ಡ್ ಮಾತ್ರ ಹೊರಗೆ ತೆಗೆಯಬೇಡಿ.’

ನನ್ನ ಕನ್ನಡಕದ ಗಾಜು ಮಂಜಾಯಿತು. ಎಲ್ಲೋ ಯಾವುದೋ ಊರಿನ ಕಂಪ್ಯೂಟರಿನಲ್ಲಿ ಇವರು ಇನ್ನೂ ಅಲ್ಲೇ ವಾಸವಾಗಿದ್ದರು. ನಾನಿನ್ನೂ ಕಾಫಿ ಸೋಸುತ್ತಿದ್ದೆ.

ಅಂದಿನಿಂದ ಕೆಲಸವಿರಲಿ ಬಿಡಲಿ, ಹೋಗುವುದು, ಆ ಪುಟ ತೆರೆಯುವುದು, ಓದುವುದು. “ಎಲ್ರೂ ರಿಸಲ್ಟ್ ನೋಡಕ್ಕೆ ಬರ್ತಾರೆ, ನೀವು ಗಂಡನ್ನ ನೋಡಕ್ಕೆ ಬರ್ತೀರ,” ಎಂದು ಅವಳು ಛೇಡಿಸುವಳು. ಛೇಡಿಸುತ್ತಲೇ ಫ್ಯಾನು ನನ್ನ ಕಡೆ ತಿರುಗಿಸುವಳು.

ಹೀಗಿರುತ್ತ ಒಂದು ಜನವರಿಯಲ್ಲಿ ಆ ಪುಟದಲ್ಲಿ ಹೊಸದೊಂದು ಪ್ರಶ್ನೆ ಬಂತು. ಮೈಸೂರು ಕಡೆಯವನೊಬ್ಬ, ಸಣ್ಣ ಮೈಕ್ರೋಲೈಟ್ ವಿಮಾನ ಹಾರಿಸುವವನು, ಹೆಂಡತಿಯನ್ನು ಕೂರಿಸಿಕೊಂಡು ಆ ಕಡೆ ಬರುವ ಆಸೆ ಇದೆ, ಇಳಿಯಬಹುದೇ ಎಂದು ಕೇಳಿದ್ದ. ಕೆಳಗೆ ಮೂವರು ನಾಲ್ವರು ವಾದಕ್ಕಿಳಿದಿದ್ದರು. ಇಂಥ ಸೈಟುಗಳನ್ನು ಈ ಕಾಲದಲ್ಲಿ ಯಾರು ನಂಬುತ್ತಾರೆ ಎಂದು ಒಬ್ಬ. ಸರ್ಕಾರಿ ಪುಸ್ತಕಕ್ಕಿಂತ ಇಳಿದು ಬಂದವನ ಮಾತೇ ವಾಸಿ ಎಂದು ಇನ್ನೊಬ್ಬ. ಮೊದಲು ಒಂದು ಸುತ್ತು ಹಾಕು, ಬಿಳಿ ಶೀಟ್ ಕಂಡರೆ ಇಳಿ, ಕಾಣದಿದ್ದರೆ ಬೇಡ, ಇದರಲ್ಲಿ ಚರ್ಚೆ ಏನು ಎಂದು ಮತ್ತೊಬ್ಬ.

ಸತ್ಯ ಹೇಳುತ್ತೇನೆ, ಮೊದಲು ಬಂದದ್ದು ಹೆದರಿಕೆಯಲ್ಲ, ಸಂತೋಷ. ಯಾರೋ ಬರುತ್ತಾರೆ! ಆಮೇಲೆ ಅವನ ಪಕ್ಕ ಕೂತ ಆ ಹೆಂಡತಿ ನೆನಪಾದಳು. ‘ಆ ಸ್ಟ್ರಿಪ್ ಎಂದೋ ಮುಚ್ಚಿದೆ, ದಯವಿಟ್ಟು ಬರಬೇಡಿ’ ಎಂದು ಬರೆದೆ.

ಮರುದಿನ ಉತ್ತರ. ನೀವು ಯಾರು? ಕೊನೆಯ ಸಲ ಆ ಜಾಗ ನೋಡಿದ್ದು ಯಾವಾಗ? ಹೆಸರಿಲ್ಲದವರು ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಲ್ಲ?

“ನೋಡಿ ಹೆಂಗೆ ಕೇಳ್ತಾನೆ!” ಸೈಬರಿನವಳಿಗೆ ನನಗಿಂತ ಸಿಟ್ಟು. “ನಮ್ಮದೇ ಜಾಗ ಕಣಯ್ಯಾ ಅಂತ ಹೊಡೀರಿ ಟೀಚರಮ್ಮ.”

ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ನಾನು ನೋಡಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ನೋಡದೆ ಹೇಳುವ ಪದ್ಧತಿಯೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ತೆರಕಣಾಂಬಿ ದಾಟಿ ಗುಂಡ್ಲುಪೇಟೆ, ಅಲ್ಲಿಂದ ಆಟೋ. ನಮ್ಮ ಮನೆ ಇದ್ದ ಕಡೆ ಒಂದು ಹೆಂಚೂ ಉಳಿದಿರಲಿಲ್ಲ. ಬಯಲಿನ ಉದ್ದಕ್ಕೂ ಚೆಂಡು ಹೂವಿನ ಹೊಲ, ನಡುವೆ ಅಡ್ಡಲಾಗಿ ಬೋರ್‌ವೆಲ್ಲಿಗೆ ಎಳೆದ ಕರೆಂಟು ಕಂಬಗಳು, ತಂತಿ. ಪೂರ್ವದ ತುದಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ.

ಅಲ್ಲಿ ಬಿಳಿಯ ಶೀಟು ಹಾಸಿತ್ತು. ನಾಲ್ಕು ಮೂಲೆಗೂ ಕಲ್ಲು.

ಒಂದು ಕ್ಷಣ ನಾನು ಆಕಾಶ ನೋಡಿದೆ. ಸದ್ದೇನಾದರೂ ಕೇಳುತ್ತದೆಯೇ ಎಂದು ಕಿವಿಗೊಟ್ಟೆ ಕೂಡ.

“ಯಾರ್ ಬೇಕಾಗಿತ್ತವ್ವಾ?” ಹೊಲದ ಯಜಮಾನ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿದ್ದಂತೆ ಎದ್ದು ಬಂದ. ಅವನ ಹೆಂಡತಿ ಪಕ್ಕದಲ್ಲಿ ಹುರುಳಿಯನ್ನು ಮೂಟೆಗೆ ತುಂಬುತ್ತಿದ್ದಳು. ಹತ್ತಿರ ಹೋದ ಮೇಲೆ ತಿಳಿಯಿತು, ಅದು ಗೊಬ್ಬರದ ಬಿಳಿ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಸೇರಿಸಿ ಹೊಲಿದ ಹಾಸು. ಹುರುಳಿ ಬಡಿಯಲು ಹಾಸಿದ್ದು.

“ಇಲ್ಲೇ ಯಾಕಪ್ಪ ಹಾಸಿದೀರಿ?”

“ಈ ತಾವು ಗುದ್ಲಿ ಇಳಿಯಲ್ಲ ಕಣವ್ವ. ಕಲ್ಲಂಗದೆ. ಯಾವ ಪುಣ್ಯಾತ್ಮ ಗಟ್ಟಿಸಿದ್ನೋ! ಬೆಳೆಗಾಗಲ್ಲ, ಕಣಕ್ಕೆ ಬೋ ಚೆಂದಾಗದೆ.”

ಆ ಪುಣ್ಯಾತ್ಮ ರೋಲರಿನ ಹಿಂದೆ ನಡೆಯುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಹೇಳಬೇಕೆನ್ನಿಸಿತು. ಆದರೆ ಇಲ್ಲಿ ಹಿಂದೆ ವಿಮಾನ ಇಳಿಯುತ್ತಿತ್ತು, ಈ ಬಿಳಿ ಹಾಸು ನೋಡಿ ಈಗಲೂ ಯಾರಾದರೂ ಇಳಿದುಬಿಡಬಹುದು ಎಂದಷ್ಟೇ ಹೇಳಿದೆ.

ಅವನು ನಕ್ಕ. “ಏರೋಪ್ಲೇನಾ? ನಾವು ಹರವೆ ಕಡೆಯಿಂದ ಬಂದು ಈ ಜಮೀನು ತಕಂಡೋರು, ನಮಗೆ ಯಾರೂ ಏಳ್ಲೇ ಇಲ್ವಲ್ಲ! ಬರ್ಲಿ ಬುಡವ್ವ, ಹುರುಳಿ ಮೂಟೆ ಹಾಕ್ಕಂಡು ಓಗ್ಲಿ.”

ಹೆಂಡತಿ ನಗಲಿಲ್ಲ. ತಂತಿಯ ಕಡೆ ನೋಡಿದಳು. “ಅಯ್ಯೋ, ಆ ಕರೆಂಟಿಗೆ ತಗುಲ್ಕಂಡ್ರೆ ಏನವ್ವ ಗತಿ?”

“ಅದಕ್ಕೇ ಬಂದೆ ಕಣಮ್ಮ. ಕೆಲಸ ಮುಗಿದ ಮೇಲೆ ದಿನಾ ಮಡಚಿ ಇಡಿ. ನಾನೂ ಅವರಿಗೆ ಬರೀತೀನಿ.”

“ದಿನಾ ಯಾಕೆ, ಈಗ್ಲೇ ಮಡುಸ್ಬುಡನ. ಬನ್ನಿ, ಆ ಕಡೆ ಇಡ್ಕಳಿ.”

ಅವಳು ಎರಡು ಮೂಲೆ ಹಿಡಿದಳು, ನಾನು ಎರಡು. ಒದರಿ, ಎಳೆದು, ನಡುವೆ ಬಂದು ಮೂಲೆಗೆ ಮೂಲೆ ಸೇರಿಸಿ ಅವಳ ಕೈಗೆ ಕೊಟ್ಟು, ಮತ್ತೆ ಬಗ್ಗಿ ಮಡಿಕೆ ಎತ್ತಿಕೊಂಡೆ. ಕೈಗಳಿಗೆ ಎಲ್ಲ ನೆನಪಿತ್ತು. ಪ್ರತಿ ಸಲ ವಿಮಾನ ಹೊರಟುಹೋದ ಮೇಲೆ ಇವರೂ ನಾನೂ ಹೀಗೇ ಮಡಚುತ್ತಿದ್ದೆವು. ಮೂಲೆ ಸೇರುವಾಗ ಇವರು ಬೇಕೆಂದೇ ನನ್ನ ಬೆರಳು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಹುರುಳಿ ಹೊಟ್ಟಿನ ಧೂಳು ಕಣ್ಣಿಗೆ ಬಿತ್ತೆಂದು ಸೆರಗಿನಿಂದ ಒರೆಸಿಕೊಂಡೆ. ಅವಳು ನೀರಿನ ಚೊಂಬು ಕೊಟ್ಟಳು.

ಊರಿಗೆ ಬಂದವಳು ಮನೆಗೆ ಹೋಗದೆ ನೇರ ಸೈಬರಿಗೆ ಹೋಗಿ ಬರೆದೆ. ‘ಇವತ್ತು ನಾನೇ ಹೋಗಿ ನೋಡಿ ಬಂದಿದ್ದೇನೆ. ರನ್‌ವೇ ಮೇಲೆ ಚೆಂಡು ಹೂವಿನ ಹೊಲವಿದೆ. ಅಡ್ಡಲಾಗಿ ಕರೆಂಟು ತಂತಿಗಳಿವೆ. ಬಿಳಿ ಹಾಸು ಕಂಡರೆ ಅದು ಹುರುಳಿಯದು, ನಿಮಗಲ್ಲ. ಕೇರ್‌ಟೇಕರ್ ತೀರಿಕೊಂಡಿದ್ದಾರೆ. ನಾನು ಯಾರು ಎಂದು ಕೇಳಿದ್ದಿರಿ. ಬೆಡ್‌ಶೀಟಿನ ನಾಲ್ಕನೆಯ ಮೂಲೆಯ ಮೇಲೆ ಇರುತ್ತಿದ್ದ ರುಬ್ಬುಗುಂಡು ನನ್ನದು.’

‘ತೀರಿಕೊಂಡಿದ್ದಾರೆ’ ಎಂದು ಟೈಪ್ ಮಾಡಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಆ ಪುಟದಲ್ಲಿ ಅವರಿಗೆ ಏನೂ ಆಗಿರಲಿಲ್ಲ.

ಎರಡು ಮೂರು ದಿನಕ್ಕೆ ಉತ್ತರ ಬಂತು. ಬರೆದವನು ಆ ಹಳೆಯ ರಿವ್ಯೂದವನೇ. ‘ಇವರು ಅವರೇ. ಆ ಗುಂಡಿನಿಂದಾಗಿ ನನಗೆ ತಪ್ಪಿದ ದೋಸೆಗಳಿಗೆ ಲೆಕ್ಕವಿಲ್ಲ. ಇವರು ಬೇಡ ಎಂದರೆ ಶೀಟ್ ಹಾಸಿಲ್ಲ ಎಂದೇ ಅರ್ಥ. ಯಾರೂ ಇಳಿಯಬೇಡಿ.’ ಮೈಕ್ರೋಲೈಟಿನವನು ಥ್ಯಾಂಕ್ಸ್ ಹೇಳಿ ಬೇರೆ ದಾರಿ ಹಿಡಿಯುತ್ತೇನೆ ಎಂದಿದ್ದ. ಎಲ್ಲದರ ಕೆಳಗೆ ಹಳೆಯ ಪೈಲಟ್ ಇನ್ನೂ ಒಂದು ಸಾಲು ಬರೆದಿದ್ದ: ‘ಮ್ಯಾಡಮ್, ಕಾಫಿ?’

‘ಕಾಫಿ ಈಗ ಚಾಮರಾಜನಗರದಲ್ಲಿ ಸಿಗುತ್ತದೆ. ರಸ್ತೆಯ ಮೇಲೆ ಬನ್ನಿ,’ ಎಂದು ಬರೆದೆ.

“ಈ ಪೇಜ್ ತೆಗೆದ್ಬಿಡ್ತಾರೆ ಅನ್ಸುತ್ತೆ ಟೀಚರಮ್ಮ. ಒಂದು ಪ್ರಿಂಟ್ ತೆಗೀಲಾ? ಫ್ರೀ.”

ಬೇಡ ಎಂದೆ. ನನ್ನವರು ಕಂಪನಿಯಿಂದ ಏರ್‌ಸ್ಟ್ರಿಪ್ಪಿನ ಹೊಸ ನಕ್ಷೆ ಬಂದ ದಿನವೇ ಹಳೆಯದನ್ನು ಹರಿದು ಒಲೆಗೆ ಹಾಕುತ್ತಿದ್ದರು, ಯಾರ ಕೈಗಾದರೂ ಸಿಕ್ಕಿ ನಂಬಿಬಿಟ್ಟಾರು ಎಂದು.

ಮುಂದಿನ ಸಲ ತೆರೆದಾಗ ಗುಂಡ್ಲುಪೇಟೆಯ ಹೆಸರಿನ ಎದುರು ‘ಮುಚ್ಚಿದೆ’ ಎಂದು ಒಂದೇ ಪದವಿತ್ತು. ಉಳಿದದ್ದೆಲ್ಲ ಹೋಗಿತ್ತು. ಕಾಫಿಗೆ ಬನ್ನಿ ಎಂಬ ನನ್ನ ಉತ್ತರವನ್ನು ಆ ಹಳೆಯ ಪೈಲಟ್ ಓದಿದನೋ ಇಲ್ಲವೋ ಗೊತ್ತಿಲ್ಲ.

ಆದರೂ ಭಾನುವಾರಗಳಂದು ಡಿಕಾಕ್ಷನ್ ಒಂದು ಲೋಟದಷ್ಟು ಹೆಚ್ಚು ಇಳಿಸುತ್ತೇನೆ. ಸಂಜೆಯವರೆಗೂ ಯಾರೂ ಬರದಿದ್ದರೆ ಅದನ್ನು ಸೈಬರಿನವಳಿಗೆ ಒಯ್ದು ಕೊಡುತ್ತೇನೆ. ಒಂದು ಗುಟುಕು ಕುಡಿದು ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕೇಳುತ್ತಾಳೆ, “ರಿವ್ಯೂ ಬರೀಲಾ ಟೀಚರಮ್ಮ?”

“ಪೂರ್ತಿ ಕುಡಿದು ಬರಿ,” ಎನ್ನುತ್ತೇನೆ.