ವಸಿ ಉಸಾರಿಲ್ಲ

ಹೊಳೆನರಸೀಪುರದ ಆಚೆಗಿನ ಆ ಊರಿನಲ್ಲಿ ಯಾರೇ ಸತ್ತರೂ ನೆಂಟರಿಗೆ ಫೋನು ಮಾಡುವವಳು ಪುಟ್ಟತಾಯಮ್ಮ. ಸತ್ತರು ಎಂದು ನೇರವಾಗಿ ಹೇಳಿದರೆ ಕೇಳಿದವರು ದಾರಿಯಲ್ಲೇ ಕುಸಿದಾರೆಂದು ನಮ್ಮ ಕಡೆ ಹಾಗೆ ಹೇಳುವುದಿಲ್ಲ. "ವಸಿ ಉಸಾರಿಲ್ಲ, ಬಂದೋಗಿ" ಎನ್ನಬೇಕು, ಅಷ್ಟೇ. ಉಳಿದದ್ದನ್ನು ಕೇಳಿದವರೇ ತಿಳಿದುಕೊಳ್ಳುತ್ತಾರೆ. ಬೇರೆಯವರು ಅಷ್ಟು ಹೇಳುವುದರೊಳಗೆ ಗೊಳೋ ಎಂದು ಅತ್ತುಬಿಡುತ್ತಿದ್ದರು. ಪುಟ್ಟತಾಯಮ್ಮನ ದನಿ ಮಾತ್ರ ಸೊಪ್ಪಿನ ರೇಟು ಕೇಳುವಷ್ಟು ಸಮವಾಗಿರುತ್ತಿತ್ತು. ಅವಳ ನಂಬರು ಕಂಡರೆ ಫೋನೆತ್ತುವ ಮೊದಲೇ ಒಲೆ ಆರಿಸುವವರು ಚನ್ನರಾಯಪಟ್ಟಣದಲ್ಲಿದ್ದರು. ಹೆಂಗಸಿಗೆ ಒಳಗೊಳಗೇ ಒಂದಿಷ್ಟು ಜಂಬವೂ ಇತ್ತು, ಸುಳ್ಳೇಕೆ.

ಗಂಡ ತಿಮ್ಮಪ್ಪನಿಗೆ ಗಂಟಲಲ್ಲಿ ಗಂಟಾಗಿ ಹಾಸನದ ಆಸ್ಪತ್ರೆಯಲ್ಲಿ ತೆಗೆಸಿದರು. ಕೆಟ್ಟ ಗಂಟಲ್ಲ, ಪೂರ್ತಿ ವಾಸಿಯಾಗುತ್ತದೆ, ಸದ್ಯಕ್ಕೆ ಮಾತಾಡಿಸಬೇಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಅರಕಲಗೂಡಿನಲ್ಲಿದ್ದ ಮಗಳು ಸ್ನೇಹಲತಾ ಹಸಿ ಬಾಣಂತಿ, ಗಾಬರಿಯಾದಾಳೆಂದು ಅವಳಿಗೆ ತಿಳಿಸಿರಲಿಲ್ಲ. ಮಾರನೆಯ ಬೆಳಿಗ್ಗೆ ತಿಮ್ಮಪ್ಪ ಮಗಳ ಫೋಟೊ ತೋರಿಸಿ ಕರೆಸು ಎಂದು ಸನ್ನೆ ಮಾಡಿದ. ಪುಟ್ಟತಾಯಮ್ಮ ಬಟನ್ ಫೋನು ಒತ್ತಿದಳು.

"ನಿಮ್ಮಪ್ಪಂಗೆ ವಸಿ ಉಸಾರಿಲ್ಲ ಕಣವ್ವ, ಬಂದೋಗು."

ಅತ್ತ ಕಡೆಯಿಂದ ಮಗಳು, "ಅಪ್ಪಂಗೆ ಫೋನ್ ಕೊಡವ್ವ."

"ಅವ್ರ್ ಕೈಲಿ ಮಾತಾಡಕ್ಕಾಗಕಿಲ್ಲ ಕಣೆ."

ಮಗಳು ಕಿರುಚಿದ್ದು ಕೇಳಿದಾಗಲೇ ತಾನೇನು ಹೇಳಿದೆನೆಂದು ಅವಳಿಗೆ ಹೊಳೆದದ್ದು. "ಅಯ್ಯೋ, ಚೆನ್ನಾಗವ್ರೆ ಕಣೆ! ಎದ್ದು ಕುಂತವ್ರೆ!"

ಅಷ್ಟರಲ್ಲಿ ಫೋನು ಅಳಿಯ ರವೀಂದ್ರನ ಕೈಗೆ ಹೋಗಿತ್ತು. "ಗೊತ್ತಾಯ್ತು ಅತ್ತೆ. ನೀವು ಧೈರ್ಯವಾಗಿರಿ. ಎಲ್ರಿಗೂ ನಾನೇ ಏಳ್ತೀನಿ."

ಅವಳು ಮತ್ತೆ ಮತ್ತೆ ಫೋನು ಮಾಡಿದಳು. ಬದುಕಿದ್ದಾರೆಂದು ಆಣೆಯಿಟ್ಟಷ್ಟೂ ಅಳಿಯನ ದನಿ ಮೆತ್ತಗಾಗುತ್ತಾ ಹೋಯಿತು. ಕೊನೆಗೆ ಎತ್ತುವುದನ್ನೇ ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಹೆಂಗಸರು ಬರುತ್ತಲೇ ಗೊಳೋ ಎಂದು ಅತ್ತರು. ಅವಳ ಅಣ್ಣ ಕೆಂಪಣ್ಣ ಹಾರ ಹಿಡಿದು ಬಂದಿದ್ದ. "ಒಳಗೆ ಕುಂತವ್ರೆ, ನೋಡು ಬಾರಣ್ಣ" ಎಂದರೆ, ತಂಗಿಗೆ ತಲೆ ಕೆಟ್ಟಿದೆ ಎಂದುಕೊಂಡು ತಬ್ಬಿ ಅತ್ತ. ತನ್ನ ಬಾಯಿಂದ ಹೊರಡುವ ಯಾವ ಮಾತಿಗೂ ಬೆಲೆಯಿಲ್ಲವೆಂದು ಪುಟ್ಟತಾಯಮ್ಮನಿಗೆ ಅರ್ಥವಾಯಿತು.

ಅಳು ಕೇಳಿ, ಗಂಟಲಿಗೆ ಬಿಳಿ ಬಟ್ಟೆ ಸುತ್ತಿದ್ದ ತಿಮ್ಮಪ್ಪನೇ ಹೊಸಿಲಿಗೆ ಬಂದು ನಿಂತ. ಅಳು ಗಕ್ಕನೆ ನಿಂತಿತು. ಬದುಕಿದ್ದಾನಲ್ಲ ಎಂದು ಯಾರೂ ನಗಲಿಲ್ಲ, ಹತ್ತಿರವೂ ಬರಲಿಲ್ಲ. ಇನ್ನೆಷ್ಟು ದಿನವೋ ಎನ್ನುವಂತೆ ನೋಡುತ್ತ ಹಿಂದೆ ಸರಿದರು. ಕಾರಿನಿಂದಿಳಿದ ಸ್ನೇಹಲತಾ ಅಪ್ಪನನ್ನು ಒಮ್ಮೆ ನೋಡಿ, ತಾಯಿಯ ಕಡೆ ತಿರುಗಿದಳು.

"ನಿನ್ ಮಾತು ಯಾವತ್ತೂ ಸುಳ್ಳಾಗಿಲ್ಲ ಕಣವ್ವ. ಡಾಕ್ಟ್ರು ಏನಂದ್ರು, ನಿಜ ಏಳು."

ತಿಮ್ಮಪ್ಪನೂ ಹೆಂಡತಿಯ ಮುಖವನ್ನೇ ನೋಡಿದ. ಅವನ ಕಣ್ಣಿನಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

ಅವಳಿಗೆ ಆ ಕ್ಷಣ ಬೇಕಾಗಿದ್ದುದು ಅವನೊಬ್ಬನ ನಂಬಿಕೆ. "ಏನೂ ಇಲ್ಲ ಕಣ್ರಿ. ಪೂರ್ತಿ ವಾಸಿಯಾಯ್ತದೆ ಅಂದವ್ರೆ" ಎಂದಳು. ಸಾವಿನ ಫೋನು ಮಾಡುವಾಗಿನಂತೆಯೇ ದನಿ ಒಂದಿಷ್ಟೂ ನಡುಗಲಿಲ್ಲ.

ತಿಮ್ಮಪ್ಪ ಮೆಲ್ಲಗೆ ತಲೆಯಾಡಿಸಿದ. ಆಮೇಲೆ ಹತ್ತಿರ ಬಂದು, ಧೈರ್ಯವಾಗಿರು ಎನ್ನುವಂತೆ ಅವಳ ಬೆನ್ನು ಸವರಿದ.