ಗ್ರೈಂಡರ್ ಮೇಲಿನ ಆರೋಪ

ಗೆಳೆಯರೇ, ನಗು ತಡೆಯಲಾಗದೆ ನಂಜನಗೂಡಿನ ಸೈಬರ್ ಸೆಂಟರ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲೊಂದು ಹೋಟೆಲಿನಲ್ಲಿ ಯಾವ ಯಂತ್ರ ಎಷ್ಟು ಕರೆಂಟ್ ಎಳೆಯುತ್ತದೆಂದು ನೋಡಲು ಹೋದ ವಾರ ಒಂದೊಂದಕ್ಕೂ ಬೇರೆ ಬೇರೆ ಮೀಟರ್ ಕೂರಿಸಿದ್ದೆ. ಕರೆಂಟ್ ಬಿಲ್ ಏರಿದ್ದಕ್ಕೆ ಯಜಮಾನರಿಗೆ ಗ್ರೈಂಡರ್ ಮೇಲೆ ಅನುಮಾನ. "ಅದೇ ಕಣಮ್ಮ ಕರೆಂಟ್ ಕುಡೀತಿರೋದು. ಸಾಬೀತಾದ್ರೆ ಇನ್ಮೇಲೆ ಒರಳಲ್ಲೇ ರುಬ್ಬು" ಎಂದು ಅಡುಗೆಯ ಸಿದ್ದಮ್ಮನಿಗೆ ಹೇಳಿಬಿಟ್ಟಿದ್ದರು. ಭುಜನೋವಿನ ಸಿದ್ದಮ್ಮ ಇವತ್ತು ಬೆಳಿಗ್ಗೆಯಿಂದ ನನ್ನ ಬೆನ್ನು ಬಿಡಲಿಲ್ಲ.

ಮೀಟರ್‌ಗಳನ್ನು ಓದಿದೆ. ಗ್ರೈಂಡರ್ ಎಳೆದದ್ದು ಅಲ್ಪ. ಎಲ್ಲಕ್ಕಿಂತ ಹೆಚ್ಚು ಎಳೆದದ್ದು ಯಜಮಾನರ ಕುರ್ಚಿಯ ಹಿಂದಿನ ಹಳೆಯ ದೊಡ್ಡ ಫ್ರಿಜ್. ಬಾಗಿಲು ತೆಗೆದರೆ ಒಳಗೆ ಅವರ ವೀಳ್ಯದೆಲೆಯ ಒಂದು ಕಟ್ಟು, ಬೇರೇನೂ ಇಲ್ಲ.

ಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನನ್ ಗ್ರೈಂಡರು ಊರಿಗೆಲ್ಲಾ ದೋಸೆ ಆಕ್ತದೆ ಸಾ. ನಿಮ್ ಫ್ರಿಜ್ಜು ನಿಮ್ಮೊಬ್ರ ಬಾಯಿ ಕೆಂಪು ಮಾಡ್ತದೆ!" ದೋಸೆ ತಿನ್ನುತ್ತಿದ್ದವರೆಲ್ಲ ನಕ್ಕರು.

"ಆಯ್ತು, ಗ್ರೈಂಡರ್ ಇರ್ಲಿ ಬುಡಮ್ಮ" ಎಂದು ಯಜಮಾನರು ಸೋಲೊಪ್ಪಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಫ್ರಿಜ್ಜಿನ ಮೀಟ್ರು ಮಾತ್ರ ಬಿಚ್ಕೊಂಡೋಗಿ ಸಾ."

ಬಿಚ್ಚಿಕೊಂಡು ಬಂದೆ. ಯಜಮಾನರ ಪ್ರಕಾರ ಆ ಫ್ರಿಜ್ ಈಗ ಕರೆಂಟೇ ತಿನ್ನುವುದಿಲ್ಲ.